ಸಿಲ್ಕ್ ಬೋರ್ಡ್ ಕೂಡ ಒಂದು ಚರ

“ಮೇಡಂ, ಎರಡೂ ಗುಂಪಿನ ಡೇಟಾ ರೆಡಿ. ಟಿ-ಟೆಸ್ಟ್ ಹಾಕಿದ್ರೆ ಮುಗೀತು” ಎನ್ನುತ್ತ ಮನೋವಿಜ್ಞಾನದ ಎಂ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು. ಎರಡು ಗುಂಪಿನ ಸರಾಸರಿಗಳ ವ್ಯತ್ಯಾಸ ಬರೀ ಆಕಸ್ಮಿಕವಾಗಿ ಬಂದಿರಬಹುದೇ ಎಂದು ನೋಡುವ ಲೆಕ್ಕ ಈ ಟಿ-ಟೆಸ್ಟ್. ಹತ್ತು ನಿಮಿಷ ಉಸಿರಾಟದ ಅಭ್ಯಾಸ ಮಾಡಿದರೆ ನೆನಪು ಸುಧಾರಿಸುತ್ತದೆಯೇ ಎಂಬುದು ಅವಳ ಪ್ರಶ್ನೆ. ಅಭ್ಯಾಸ ಮಾಡಿದವರು ಪದಪಟ್ಟಿಯಿಂದ ಹೆಚ್ಚು ಪದ ಹೇಳಿದ್ದರು. ಯಾರು ಯಾವ ಗುಂಪಿಗೆ ಅಂತ ಹೇಗೆ ತೀರ್ಮಾನಿಸಿದೆ ಎಂದೆ. “ಒಂಬತ್ತೂವರೆಗೆ ಬಂದವರಿಗೆ ಅಭ್ಯಾಸ ಮಾಡಿಸಿದೆ. ಲೇಟಾಗಿ ಬಂದವರೆಲ್ಲ ಕಂಟ್ರೋಲ್ ಗ್ರೂಪ್. ಟೈಮ್ ಉಳೀತು ಮೇಡಂ.” ಕಂಟ್ರೋಲ್ ಗ್ರೂಪ್ ಎಂದರೆ ಅಭ್ಯಾಸ ಮಾಡಿಸದೆ, ಹೋಲಿಕೆಗೆಂದು ಇಟ್ಟುಕೊಂಡ ಗುಂಪು.

ಲೇಟಾಗಿ ಬಂದವರು ಯಾರು? ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಬಸ್ಸಿನಲ್ಲಿ ನಿಂತೇ ಬಂದವರು, ತಿಂಡಿ ಬಿಟ್ಟು ಓಡಿಬಂದವರು, ರಾತ್ರಿ ನಿದ್ದೆಗೆಟ್ಟವರು. ಅವಳು ಅಳೆದದ್ದು ಉಸಿರಾಟದ ಗುಣವನ್ನೋ ಟ್ರಾಫಿಕ್ಕಿನ ಸುಸ್ತನ್ನೋ, ಯಾವ ಟಿ-ಟೆಸ್ಟೂ ಹೇಳಲಾರದು.

ಪ್ರಯೋಗದಲ್ಲಿ ಬದಲಾಗಬಲ್ಲ ಯಾವುದೇ ಅಂಶ ಚರ (ವೇರಿಯಬಲ್). ನಾವು ಬೇಕೆಂದೇ ಬದಲಿಸುವುದು ಸ್ವತಂತ್ರ ಚರ, ಅದರಿಂದ ಏನಾಯಿತೆಂದು ಅಳೆಯುವುದು ಅವಲಂಬಿತ ಚರ. ಪರೀಕ್ಷೆಯಲ್ಲಿ ಇವೆರಡನ್ನು ಎಲ್ಲರೂ ಸರಿಯಾಗಿಯೇ ಬರೆಯುತ್ತಾರೆ. ಎಡವುವುದು, ಇವೆರಡರ ಜೊತೆ ಕರೆಯದೇ ಬಂದು ಕೂರುವ ಮೂರನೆಯ ಚರದಲ್ಲಿ, ಇಲ್ಲಿ ಸಿಲ್ಕ್ ಬೋರ್ಡಿನ ಸುಸ್ತಿನಂಥದ್ದರಲ್ಲಿ. ಅದಕ್ಕೆ ಮದ್ದು ಚೀಟಿ ಎತ್ತುವುದು. ಇದನ್ನು ಯಾದೃಚ್ಛಿಕ ಹಂಚಿಕೆ ಎನ್ನುತ್ತೇವೆ. ನಿದ್ದೆ, ಹಸಿವು, ಮನೆಯ ಚಿಂತೆ ಇವನ್ನೆಲ್ಲ ಪಟ್ಟಿ ಮಾಡಿ ಸರಿದೂಗಿಸುತ್ತ ಹೋದರೆ ಕೊನೆಯಿಲ್ಲ. ಚೀಟಿಗಾದರೆ ಪಟ್ಟಿಯೇ ಬೇಡ. ನಮಗೆ ಹೊಳೆಯದ ಕಾರಣಗಳೂ ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿ ಬೀಳುತ್ತವೆ. ಆದರೆ ಗುಂಪಿಗೆ ಐದಾರು ಜನರಿದ್ದರೆ ಈ ಭರವಸೆ ಇಲ್ಲ, ಜನ ಸಾಕಷ್ಟಿರಬೇಕು. ಇನ್ನೊಂದು ಗೊಂದಲವಿದೆ: ಊರಿನಿಂದ ಜನರನ್ನು ಚೀಟಿಯೆತ್ತಿ ಆರಿಸುವುದು ಬೇರೆ, ಬಂದವರನ್ನು ಚೀಟಿಯೆತ್ತಿ ಹಂಚುವುದು ಬೇರೆ. ಮೊದಲನೆಯದು ಫಲಿತಾಂಶ ಯಾರಿಗೆಲ್ಲ ಅನ್ವಯಿಸುತ್ತದೆ ಎಂಬುದಕ್ಕೆ, ಎರಡನೆಯದು ಕಾರಣ ಯಾವುದು ಎಂಬುದಕ್ಕೆ. ವೈವಾದಲ್ಲಿ ನಾನು ತಪ್ಪದೆ ಕೇಳುವ ಪ್ರಶ್ನೆ ಇದು.

ಕಂಟ್ರೋಲ್ ಗುಂಪನ್ನು ಸುಮ್ಮನೆ ಕಾರಿಡಾರಿನಲ್ಲಿ ನಿಲ್ಲಿಸುವುದೂ ಸಲ್ಲದು. ಅವರೂ ಅದೇ ಕೋಣೆಯಲ್ಲಿ ಹತ್ತು ನಿಮಿಷ ಕೂತು ಏನಾದರೂ ಓದಲಿ. ಇಲ್ಲದಿದ್ದರೆ ಲಾಭವಾದದ್ದು ಉಸಿರಾಟದಿಂದಲೋ ಬರೀ ಕೂತದ್ದರಿಂದಲೋ?

ಪ್ರತಿಯೊಬ್ಬರನ್ನೂ ಎರಡೂ ಸ್ಥಿತಿಯಲ್ಲಿ ಪರೀಕ್ಷಿಸಿದರೆ ಗುಂಪುಗಳಿಗೆ ಹಂಚುವ ತಲೆನೋವೇ ಇರುವುದಿಲ್ಲ. 1935ರಲ್ಲಿ ಅಮೆರಿಕದ ಜೆ. ರಿಡ್ಲಿ ಸ್ಟ್ರೂಪ್ ಪ್ರಕಟಿಸಿದ ಪ್ರಯೋಗ ಇಂಥದ್ದು.  ನೂರು ಬಣ್ಣದ ಚೌಕಗಳ ಬಣ್ಣ ಹೇಳಲು ಸ್ಟ್ರೂಪ್ ಬಳಿ ಬಂದವರಿಗೆ ಸರಾಸರಿ 63 ಸೆಕೆಂಡು ಹಿಡಿಯಿತು. ‘ಕೆಂಪು’ ಎಂಬ ಪದವನ್ನು ನೀಲಿ ಶಾಯಿಯಲ್ಲಿ ಅಚ್ಚು ಹಾಕಿದಂಥ ಹಾಳೆ ಕೊಟ್ಟು ಶಾಯಿಯ ಬಣ್ಣ ಹೇಳಿ ಎಂದರೆ 110 ಸೆಕೆಂಡು. ಕಣ್ಣಿಗೆ ಬಿದ್ದ ಪದವನ್ನು ಓದದೇ ಇರಲು ನಮ್ಮಿಂದ ಆಗುವುದಿಲ್ಲ, ಅದೇ ಅಡ್ಡ ಬರುತ್ತದೆ.

ಇದನ್ನು ಕನ್ನಡ ಪದಗಳಲ್ಲಿ ಮಾಡಿಸಿದಾಗ ನನ್ನ ಕ್ಲಾಸಿನ ಒಬ್ಬ ಹುಡುಗ ತಡವರಿಸದೆ ಬಣ್ಣಗಳನ್ನು ಹೇಳುತ್ತ ಹೋದ. ಎಂಥ ಏಕಾಗ್ರತೆ ಎಂದು ಎಲ್ಲರೂ ಬೆರಗಾದರು. ಕೇಳಿದರೆ, ಮನೆಮಾತು ಕನ್ನಡವಾದರೂ ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಅಕ್ಷರ ಕೂಡಿಸಿ ಕೂಡಿಸಿ ಓದಬೇಕು. ತಾನಾಗಿ ಓದಿಸಿಕೊಳ್ಳದ ಪದ ಅಡ್ಡ ಬರುವುದಾದರೂ ಹೇಗೆ? ಬೆಂಗಳೂರಿನಲ್ಲಿ ಇಂಥ ಪರೀಕ್ಷೆ ಮಾಡುವವರು ಮೊದಲು ಓದಿನ ವೇಗ ಅಳೆಯಬೇಕು. ಜೊತೆಗೆ ಅರ್ಧ ಜನರಿಗೆ ಚೌಕದ ಹಾಳೆ ಮೊದಲು, ಉಳಿದರ್ಧಕ್ಕೆ ಪದದ ಹಾಳೆ ಮೊದಲು ಕೊಡಬೇಕು. ಇಲ್ಲವಾದರೆ ಎರಡನೇ ಹಾಳೆಗೆ ಬರುವಷ್ಟರಲ್ಲಿ ಕೈಪಳಗಿದ್ದೋ ಬೇಸರವೋ ಲೆಕ್ಕದೊಳಗೆ ಸೇರಿಬಿಡುತ್ತದೆ.

ಆ ವಿದ್ಯಾರ್ಥಿನಿ ಸ್ಟೀಲ್ ಡಬ್ಬಿಯಲ್ಲಿ ಚೀಟಿ ಹಾಕಿಕೊಂಡು ಹೊಸಬರ ಮೇಲೆ ಮತ್ತೆ ಪ್ರಯೋಗ ಮಾಡಿದಳು. ಯಾರು ಯಾವ ಗುಂಪು ಎಂದು ಗೊತ್ತಿಲ್ಲದ ಗೆಳತಿಯಿಂದ ಪದಗಳ ಎಣಿಕೆ ಮಾಡಿಸಿದಳು. ಈ ಸಲ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ.

“ವ್ಯತ್ಯಾಸ ಬಂದಿಲ್ಲ ಅಂತಾನೇ ಬರೀಲಾ ಮೇಡಂ? ಮಾರ್ಕ್ಸ್ ಕಟ್ ಮಾಡ್ತಾರೇನೋ.”

“ಬರಿಯಮ್ಮ” ಎಂದೆ. “ಹಳೇ ಡೇಟಾ ಯಾಕೆ ಬಿಟ್ಟೆ ಅನ್ನೋದನ್ನೂ ಒಂದು ಪ್ಯಾರಾ ಬರಿ.”