ಜಪಾನಿ ಸೈನಿಕ ಮನಿಲಾಕ್ಕೆ ಬಂದರೆ ಯುದ್ಧಕ್ಕೆ ಬಂದ ಹಾಗಲ್ಲ

ರಾಯಚೂರಿನಲ್ಲಿ ಐಎಎಸ್, ಕೆಎಎಸ್‌ಗೆ ಓದುವ ಮಕ್ಕಳಿಗೆ ಅಂತರರಾಷ್ಟ್ರೀಯ ಸಂಬಂಧ ಕಲಿಸುವುದು ನನ್ನ ಹೊಟ್ಟೆಪಾಡು. ಮಕ್ಕಳು ಜಾಣರು. ಮಾನ್ವಿ, ಸಿಂಧನೂರು, ದೇವದುರ್ಗದಿಂದ ಬೆಳಿಗ್ಗೆ ಬಸ್ಸು ಹಿಡಿದು ಬರುತ್ತಾರೆ, ಸಂಜೆ ಮನೆಗೆ ಹೋಗಿ ಹೊಲದ ಕೆಲಸವನ್ನೂ ನೋಡುತ್ತಾರೆ. ಇಸವಿ, ಹೆಸರು ಎಲ್ಲ ಬಾಯಿಪಾಠ. ಆದರೆ ಜಪಾನ್–ಫಿಲಿಪ್ಪೀನ್ಸ್ ಪರಸ್ಪರ ಪ್ರವೇಶ ಒಪ್ಪಂದದ, ಅಂದರೆ ಒಬ್ಬರ ಸೈನಿಕರು ಇನ್ನೊಬ್ಬರ ದೇಶಕ್ಕೆ ಬಂದುಹೋಗುವ ಒಪ್ಪಂದದ ಪ್ರಶ್ನೆ ಕೊಟ್ಟರೆ ಸಾಕು, ಇಡೀ ಬ್ಯಾಚ್ ಒಂದೇ ಹಳ್ಳಕ್ಕೆ ಬೀಳುತ್ತದೆ. 'ಹಳೆಯ ದ್ವೇಷ ಮರೆತ ಎರಡು ದೇಶಗಳು ಚೀನಾ ವಿರುದ್ಧ ಮಿಲಿಟರಿ ಮೈತ್ರಿಕೂಟ ಕಟ್ಟಿವೆ, ಯುದ್ಧವಾದರೆ ಜಪಾನ್ ಬಂದು ಹೋರಾಡುತ್ತದೆ' ಅಂತ ಬರೆದು ಕೆಳಗೆ ಗೆರೆ ಬೇರೆ ಎಳೆದಿರುತ್ತಾರೆ. ಒಂದೇ ವಾಕ್ಯ, ಮೂರು ತಪ್ಪು.

ಆ ಒಪ್ಪಂದಕ್ಕೆ ಫಿಲಿಪ್ಪೀನ್ಸ್ ರಾಜಧಾನಿ ಮನಿಲಾದಲ್ಲಿ ಸಹಿ ಬಿದ್ದದ್ದು 2024ರ ಜುಲೈ 8ರಂದು. ಜಾರಿಗೆ ಬಂದದ್ದು 2025ರ ಸೆಪ್ಟೆಂಬರ್ 11ರಂದು. ಸಹಿಗೆ ಸರಿಯಾಗಿ ಮೂರು ವಾರ ಮೊದಲು ದಕ್ಷಿಣ ಚೀನಾ ಸಮುದ್ರದಲ್ಲಿ ಒಂದು ರಂಪ ಆಗಿತ್ತು. ಅಲ್ಲಿ ಚೀನಾವೂ ತನ್ನದೆನ್ನುವ ಅಯುಂಗಿನ್ ಎಂಬ ಹವಳದ ದಿಬ್ಬದ ಮೇಲೆ ಫಿಲಿಪ್ಪೀನ್ಸ್ ಒಂದು ತುಕ್ಕು ಹಿಡಿದ ಹಡಗನ್ನು 1999ರಲ್ಲೇ ಬೇಕಂತಲೇ ಹತ್ತಿಸಿ ನಿಲ್ಲಿಸಿದೆ. ಅದರಲ್ಲಿರುವ ಸೈನಿಕರಿಗೆ ಸಾಮಾನು ಒಯ್ಯುತ್ತಿದ್ದ ರಬ್ಬರ್ ದೋಣಿಗಳಿಗೆ ಚೀನಾದ ಕೋಸ್ಟ್ ಗಾರ್ಡ್‌ನವರು ಕೊಡಲಿ, ಚಾಕು ಹಿಡಿದು ಅಡ್ಡ ಬಂದರು. ಒಬ್ಬ ಫಿಲಿಪ್ಪೀನ್ಸ್ ನಾವಿಕನ ಹೆಬ್ಬೆರಳು ಹೋಯಿತು. ಹಾಗಾಗಿ ಒಪ್ಪಂದದ ಸುದ್ದಿ ಬಂದಾಗ ಎಲ್ಲರಿಗೂ ಯುದ್ಧದ ವಾಸನೆ ಬಡಿದದ್ದು ಸಹಜ. ಆದರೆ ಒಪ್ಪಂದದ ಮಾತುಕತೆ 2023ರಲ್ಲೇ ಶುರುವಾಗಿತ್ತು. ಹೆಬ್ಬೆರಳಿಗೆ ಉತ್ತರ ಅಂತ ರಾತ್ರೋರಾತ್ರಿ ಹುಟ್ಟಿದ್ದಲ್ಲ.

ಈಗ ಒಪ್ಪಂದದ ಒಳಗೆ ಏನಿದೆ ಅಂತ ನೋಡಿ. ಒಂದು ದೇಶದ ಸೈನಿಕರು ಇನ್ನೊಂದು ದೇಶಕ್ಕೆ ತರಬೇತಿಗೋ, ಪ್ರವಾಹ ಪರಿಹಾರಕ್ಕೋ ಬಂದರೆ ಅವರಿಗೆ ವೀಸಾ ಬೇಕೇ? ಬಂದೂಕು, ಮದ್ದುಗುಂಡು ತರಬಹುದೇ? ತಂದ ಲಾರಿಗೆ ಕಸ್ಟಮ್ಸ್ ಸುಂಕ ಉಂಟೇ? ಆ ಲಾರಿ ಓಡಿಸಲು ಅವರ ದೇಶದ ಲೈಸೆನ್ಸ್ ನಡೆಯುತ್ತದೆಯೇ? ಡ್ಯೂಟಿ ಇಲ್ಲದ ಹೊತ್ತಲ್ಲಿ ಸೈನಿಕನೊಬ್ಬ ಅಲ್ಲಿನವರ ಮೇಲೆ ಕೈ ಮಾಡಿದರೆ ವಿಚಾರಣೆ ಯಾವ ದೇಶದ ಕೋರ್ಟಿನಲ್ಲಿ? ಇದೇ ಒಪ್ಪಂದ. ನಿಮ್ಮ ಮೇಲೆ ದಾಳಿಯಾದರೆ ನಾವು ಬಂದು ಹೊಡೆದಾಡುತ್ತೇವೆ ಎಂಬ ಕಲಂ ಅದರಲ್ಲಿ ಎಲ್ಲೂ ಇಲ್ಲ. ಕಾಯಂ ನೆಲೆ ಕಟ್ಟಿಕೊಳ್ಳುತ್ತೇವೆ ಅಂತಲೂ ಇಲ್ಲ.

ಇಷ್ಟು ಹೇಳಿದರೂ ತಲೆಗೆ ಹೋಗಲ್ಲ. ಆಗ ಸಿಂಧನೂರಿನ ಹುಡುಗರನ್ನೇ ಕೇಳುತ್ತೇನೆ. ಭತ್ತದ ಕಟಾವಿಗೆ ಹೊರ ರಾಜ್ಯದಿಂದ ನಿಮ್ಮ ಊರಿಗೆ ಹಾರ್ವೆಸ್ಟರ್ ಬರುತ್ತದೆ ಅಲ್ವಾ? ಬರುವ ಮೊದಲೇ ಎಲ್ಲ ಮಾತಾಗಿರುತ್ತದೆ. ಗಂಟೆಗೆ ಇಷ್ಟು. ಡೀಸೆಲ್ ಯಾರದ್ದು, ಡ್ರೈವರ್ ಊಟ ಯಾರ ಮನೆಯಲ್ಲಿ, ಬದು ಒಡೆದರೆ ಯಾರು ಕಟ್ಟಿಕೊಡಬೇಕು. ಈಗ ನಿನಗೂ ಪಕ್ಕದ ಹೊಲದವನಿಗೂ ಬದುವಿನ ಜಗಳ ಎದ್ದರೆ ಮಿಷನ್ ಮಾಲೀಕ ಬಡಿಗೆ ಹಿಡಿದು ಬರುತ್ತಾನೇನಪ್ಪಾ? ಎಲ್ಲರೂ ನಗುತ್ತಾರೆ. ನಕ್ಕು, ಮುಂದಿನ ಟೆಸ್ಟಿನಲ್ಲಿ ಮತ್ತೆ 'ಮೈತ್ರಿಕೂಟ' ಅಂತಲೇ ಬರೆಯುತ್ತಾರೆ.

ಹೊಡೆದಾಟದ ಮಾತು ಇರುವ ಒಪ್ಪಂದ ಬೇರೆಯೇ ಇದೆ. ಅದು ಫಿಲಿಪ್ಪೀನ್ಸ್ 1951ರ ಆಗಸ್ಟ್ 30ರಂದು ಅಮೆರಿಕದ ಜೊತೆ ಮಾಡಿಕೊಂಡದ್ದು. ಅದರ ನಾಲ್ಕನೇ ಕಲಮಿನಲ್ಲೂ, ದಾಳಿಯಾದರೆ ಎರಡೂ ದೇಶ ತಂತಮ್ಮ ಸಂವಿಧಾನದ ಕ್ರಮದಂತೆ ಹೆಜ್ಜೆ ಇಡುತ್ತವೆ ಅಂತಷ್ಟೇ ಇದೆ. ಗುಂಡಿ ಒತ್ತಿದ ಕೂಡಲೇ ಸೈನ್ಯ ಇಳಿಯುತ್ತದೆ ಅಂತಿಲ್ಲ. ಜಪಾನ್ ಒಪ್ಪಂದದಲ್ಲಿ ಅಷ್ಟೂ ಇಲ್ಲ.

'ಬರೀ ಲೈಸೆನ್ಸ್, ಕಸ್ಟಮ್ಸ್ ವಿಷಯಕ್ಕೆ ಇಷ್ಟು ದೊಡ್ಡ ಸುದ್ದಿ ಯಾಕ್ರಿ ಸರ್?' ಅಂತ ಒಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ಇಂಥ ಸಣ್ಣ ವಿಷಯಗಳೇ ವರ್ಷಗಟ್ಟಲೆ ಕುತ್ತಿಗೆ ಹಿಡಿಯುತ್ತವೆ. ಜಪಾನ್ ಮತ್ತು ಆಸ್ಟ್ರೇಲಿಯಾ ಇದೇ ಥರದ ಒಪ್ಪಂದಕ್ಕೆ 2014ರಲ್ಲಿ ಮಾತು ಶುರು ಮಾಡಿದವು. ಸಹಿ ಬಿದ್ದದ್ದು 2022ರ ಜನವರಿಯಲ್ಲಿ. ಸಿಕ್ಕಿಹಾಕಿಕೊಂಡದ್ದು ಎಲ್ಲಿ ಗೊತ್ತಾ? ಮರಣದಂಡನೆಯಲ್ಲಿ. ಜಪಾನಿನಲ್ಲಿ ಗಲ್ಲು ಇದೆ, ಆಸ್ಟ್ರೇಲಿಯಾದಲ್ಲಿ ಇಲ್ಲ. ನಮ್ಮ ಸೈನಿಕ ಅಲ್ಲಿ ಕೊಲೆ ಮಾಡಿದರೆ ಅವನನ್ನು ನಾವೇ ಹಿಡಿದು ಗಲ್ಲಿಗೆ ಒಪ್ಪಿಸಬೇಕೇ ಅಂತ ಆಸ್ಟ್ರೇಲಿಯಾ ಪಟ್ಟು ಹಿಡಿಯಿತು. ಕೊನೆಗೆ, ಗಲ್ಲಾಗುವ ಸಾಧ್ಯತೆ ಇದ್ದರೆ ಹಿಡಿದೊಪ್ಪಿಸುವ ಬಾಧ್ಯತೆ ಇಲ್ಲ ಎಂಬ ಏರ್ಪಾಡು ಮಾಡಿಕೊಂಡರು. 2023ರ ಆಗಸ್ಟ್ 13ರಂದು ಅದು ಜಾರಿಗೆ ಬಂತು. ಅದೇ ತಿಂಗಳು ಜಪಾನಿನ ಎಫ್-35 ವಿಮಾನಗಳು ಆಸ್ಟ್ರೇಲಿಯಾದ ನಾರ್ದರ್ನ್ ಟೆರಿಟರಿಯ ಟಿಂಡಲ್ ನೆಲೆಯಲ್ಲಿ ಇಳಿದವು. 1942ರ ಫೆಬ್ರವರಿ 19ರಂದು ಜಪಾನ್ ಬಾಂಬು ಹಾಕಿದ ಡಾರ್ವಿನ್ ಇರುವುದೂ ಅದೇ ಪ್ರಾಂತ್ಯದಲ್ಲಿ. ಇಂಥದ್ದನ್ನು ಉತ್ತರದಲ್ಲಿ ಬರೆಯಿರಿ, ನಾನು ಖುಷಿಯಿಂದ ಮಾರ್ಕ್ಸ್ ಕೊಡುತ್ತೇನೆ.

ಮಕ್ಕಳನ್ನಷ್ಟೇ ಬೈದರೆ ತಪ್ಪಾಗುತ್ತದೆ. 2016ರಲ್ಲಿ ನಮ್ಮ ದೇಶ ಅಮೆರಿಕದ ಜೊತೆ ಲೆಮೋವಾ ಎಂಬ ಸೇನಾ ಸೌಕರ್ಯ ಒಪ್ಪಂದ ಮಾಡಿಕೊಂಡಾಗ ಸ್ಟೇಷನ್ ರಸ್ತೆಯ ಚಹಾದಂಗಡಿಯಲ್ಲೂ ಇದೇ ಮಾತು. 'ಇನ್ನ ಅಮೆರಿಕದವ್ರು ಇಲ್ಲೇ ಠಾಣ್ಯಾ ಹಾಕ್ತಾರ್ರಿ' ಅಂತ ಒಬ್ಬರು ಹಿರಿಯರು ನನ್ನ ಮೇಲೇ ಸಿಟ್ಟಾದರು, ನಾನೇ ಸಹಿ ಹಾಕಿ ಬಂದವನ ಹಾಗೆ. ಅದರಲ್ಲಿ ಇದ್ದದ್ದು ಹಡಗು, ವಿಮಾನಗಳಿಗೆ ಎಣ್ಣೆ ತುಂಬುವುದು, ರಿಪೇರಿ ಮಾಡುವುದು, ಅದರ ಲೆಕ್ಕ ತೀರಿಸುವುದು. ನೆಲೆ ಕೊಡುವ ಮಾತೇ ಇಲ್ಲ. ಜಪಾನ್ ಜೊತೆ ಇಂಥದ್ದೇ ಒಂದಕ್ಕೆ ನಾವು 2020ರಲ್ಲಿ ಸಹಿ ಹಾಕಿದ್ದೇವೆ. ಅದು ಆ ಹಿರಿಯರ ಕಿವಿಗೆ ಬೀಳಲಿಲ್ಲ ಅಂತ ಕಾಣುತ್ತದೆ.

ನಮ್ಮ ಭಾಗದ ಮಕ್ಕಳಿಗೆ ಈ ಗೊಂದಲ ಜಾಸ್ತಿ ಯಾಕೆ ಅಂತ ನನಗೊಂದು ಅನುಮಾನವಿದೆ. ಹಳೆಯ ಶತ್ರುಗಳು ಒಂದಾದರು ಅಂದ ಕೂಡಲೇ ಅವರಿಗೆ ನೆನಪಾಗುವುದು 1565ರ ತಾಳಿಕೋಟೆ. ಕೃಷ್ಣೆಯ ಆಸುಪಾಸಿನಲ್ಲೇ ಆ ರಣರಂಗ. ಅದಕ್ಕೂ ಮೊದಲು ವಿಜಯನಗರದ ಅಳಿಯ ರಾಮರಾಯ ಮತ್ತು ಬಿಜಾಪುರದ ಅಲಿ ಆದಿಲ್ ಶಾ ಜೊತೆಗೂಡಿ ಅಹಮದ್‌ನಗರದ ಮೇಲೆ ಹೋಗಿದ್ದರು. ಆಮೇಲೆ ಅದೇ ಅಹಮದ್‌ನಗರದ ಮಗಳು ಚಾಂದ್ ಬೀಬಿಯನ್ನು ಆದಿಲ್ ಶಾ ಮದುವೆಯಾದ, ಸೊಲ್ಲಾಪುರದ ಕೋಟೆ ಬಳುವಳಿಯಾಗಿ ಬಂತು, ಸುಲ್ತಾನರು ಸೇರಿ ರಾಮರಾಯನ ಮೇಲೆ ಬಿದ್ದರು. ರಾಯಚೂರು, ಮುದಗಲ್ ಮತ್ತೆ ಬಿಜಾಪುರದ ಪಾಲಾದವು. ಕೆಲವೇ ವರ್ಷಗಳಲ್ಲಿ ಬೀಗರು ಮತ್ತೆ ಕಚ್ಚಾಡಿಕೊಂಡರು, ಅದು ಬೇರೆ ಮಾತು. ಅದು ಯುದ್ಧಕ್ಕೆಂದೇ ಕಟ್ಟಿದ ಕೂಟ. ಆ ಚಿತ್ರವನ್ನು ತಲೆಯಲ್ಲಿಟ್ಟುಕೊಂಡು ಮನಿಲಾ ಸುದ್ದಿ ಓದಿದರೆ ದಾರಿ ತಪ್ಪುವುದು ಖಂಡಿತ.

ಹಾಗಾದರೆ ಇದರಿಂದ ಆ ಪ್ರದೇಶದ ಭದ್ರತೆಗೆ ಏನೂ ಆಗಿಲ್ಲವೇ? ಆಗಿದೆ, ಆದರೆ ನಿಧಾನದ ಬದಲಾವಣೆ. ಫಿಲಿಪ್ಪೀನ್ಸ್ ಕೋಸ್ಟ್ ಗಾರ್ಡ್‌ನ ಅತಿ ದೊಡ್ಡ ಹಡಗುಗಳು ಜಪಾನಿನ ಸಾಲದಲ್ಲಿ ಜಪಾನಿನಲ್ಲೇ ಕಟ್ಟಿದವು, ಒಂದೊಂದೂ 97 ಮೀಟರ್ ಉದ್ದ. ಆಕಾಶ ಕಾಯುವ ರಾಡಾರು ಮಿತ್ಸುಬಿಷಿ ಎಲೆಕ್ಟ್ರಿಕ್‌ನದ್ದು. 2023ರಲ್ಲಿ ಕರಾವಳಿ ರಾಡಾರುಗಳಿಗೆ ಜಪಾನ್ 60 ಕೋಟಿ ಯೆನ್ ನೆರವು ಕೊಟ್ಟಿತು. ಹಡಗು, ರಾಡಾರು ಒಂದೇ ಕಡೆಯವಾದಾಗ ಒಟ್ಟಿಗೆ ಕಲಿಯಬೇಕು, ರಿಪೇರಿಗೆ ಜನ ಬರಬೇಕು. ಅದಕ್ಕೆ ಬಾಗಿಲು ತೆರೆದಿರಬೇಕು. ಇದರಿಂದ ಚೀನಾ ದುಡುಕುವ ಮೊದಲು ಎರಡು ಸಲ ಯೋಚಿಸಬಹುದು. ಇವರೆಲ್ಲ ಸೇರಿ ನಮ್ಮನ್ನು ಸುತ್ತುವರಿಯುತ್ತಿದ್ದಾರೆ ಅಂತ ಇನ್ನಷ್ಟು ಹಡಗು ಇಳಿಸಲೂಬಹುದು. ಎರಡಕ್ಕೂ ಆಧಾರವಿದೆ. ಇಷ್ಟು ಬೇಗ ಒಂದೇ ಕಡೆ ವಾಲುವವರನ್ನು ನಾನು ನಂಬುವುದಿಲ್ಲ, ಟಿವಿಯಲ್ಲಿ ಎಷ್ಟೇ ಜೋರಾಗಿ ಮಾತಾಡಲಿ.

ಇನ್ನು 'ದ್ವೇಷ ಮರೆತರು' ಅನ್ನುವ ಮಾತು. ಎರಡನೇ ಮಹಾಯುದ್ಧದಲ್ಲಿ ಫಿಲಿಪ್ಪೀನ್ಸ್ ಜಪಾನಿನ ಹಿಡಿತದಲ್ಲಿತ್ತು; 1945ರ ಮನಿಲಾ ಕದನದಲ್ಲಿ ಸತ್ತ ನಾಗರಿಕರು ಸುಮಾರು 1 ಲಕ್ಷ. 1956ರಲ್ಲಿ ಜಪಾನ್ 55 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿಕೊಂಡಿತು. ಆದರೂ ಜಪಾನಿ ಸೈನಿಕರ ಕೈಯಲ್ಲಿ ಅತ್ಯಾಚಾರಕ್ಕೊಳಗಾದ ಹೆಂಗಸರು ಮುದುಕಿಯರಾದ ಮೇಲೂ ನ್ಯಾಯ ಕೇಳುತ್ತಲೇ ಬಂದರು. ಅವರ ನೆನಪಿಗೆ ಮನಿಲಾದ ರಸ್ತೆ ಬದಿ ನಿಲ್ಲಿಸಿದ್ದ ಪ್ರತಿಮೆಯನ್ನು 2018ರಲ್ಲಿ ಅಲ್ಲಿನ ಸರ್ಕಾರವೇ ಕಿತ್ತು ತೆಗೆಯಿತು. ಸರ್ಕಾರ ಪಕ್ಕಕ್ಕಿಟ್ಟದ್ದನ್ನು ಜನ ಮರೆತರು ಅಂತ ಬರೆಯುವುದು ನನಗೆ ಸರಿ ಕಾಣುವುದಿಲ್ಲ. ವಿಯೆಟ್ನಾಂ ನೋಡಿ. 2018ರ ಮಾರ್ಚ್‌ನಲ್ಲಿ, ಹಿಂದೆ ಅದರ ಜೊತೆ ಯುದ್ಧ ಮಾಡಿದ್ದ ಅಮೆರಿಕದ ಕಾರ್ಲ್ ವಿನ್ಸನ್ ವಿಮಾನವಾಹಕ ಹಡಗು ಅಲ್ಲಿನ ಡಾ ನಾಂಗ್ ಬಂದರಿಗೆ ಬಂತು. ಆದರೂ ಯಾರ ಮಿಲಿಟರಿ ಕೂಟಕ್ಕೂ ಸೇರಲ್ಲ, ಯಾರಿಗೂ ನೆಲೆ ಕೊಡಲ್ಲ ಎಂಬ ನೀತಿಯನ್ನು ವಿಯೆಟ್ನಾಂ ಬಿಟ್ಟಿಲ್ಲ.

ಮೊನ್ನೆ ಲಿಂಗಸುಗೂರಿನ ಹುಡುಗನೊಬ್ಬ ಪಟ್ಟು ಹಿಡಿದ. 'ಎಲ್ಲಾ ಸರಿ ಸರ್. ನಾಳೆ ನಿಜವಾಗ್ಲೂ ಯುದ್ಧ ಆದ್ರ ಜಪಾನ್ ಬರ್ತದೋ ಇಲ್ಲೋ, ಅಷ್ಟು ಹೇಳ್ರಿ.' ಬರಲೂಬಹುದು. ಜಪಾನಿನ 2015ರ ಕಾನೂನಿನ ಪ್ರಕಾರ, ಜಪಾನಿನ ಜೊತೆ ನಿಕಟ ಸಂಬಂಧವಿರುವ ದೇಶದ ಮೇಲಾದ ದಾಳಿಯಿಂದ ಜಪಾನಿನ ಉಳಿವಿಗೇ ಅಪಾಯ ಬಂದರೆ, ಬೇರೆ ದಾರಿ ಇಲ್ಲದಿದ್ದರೆ, ಅಗತ್ಯವಿದ್ದಷ್ಟು ಮಾತ್ರ ಬಲ ಬಳಸಬಹುದು. ಅದಕ್ಕೆ ಸಂಸತ್ತಿನ ಒಪ್ಪಿಗೆಯೂ ಬೇಕು. ಜಪಾನಿನಲ್ಲಿ ಅಮೆರಿಕದ ನೆಲೆಗಳಿವೆ, ಅಮೆರಿಕ ಇಳಿದರೆ ಜಪಾನ್ ದೂರ ನಿಲ್ಲುವುದೂ ಕಷ್ಟ. ಇಷ್ಟನ್ನೆಲ್ಲ ತೂಗಿ ಆ ದಿನ ಟೋಕಿಯೋದಲ್ಲಿ ಕೂತವರು ತೀರ್ಮಾನ ಮಾಡಬೇಕು. ಅವರಿಗಿಂತ ಮೊದಲೇ ತೀರ್ಮಾನ ಬರೆದುಕೊಟ್ಟ ಈ ಹುಡುಗನಿಗೆ ನಾನು ಹತ್ತಕ್ಕೆ ಮೂರು ಹಾಕಿದ್ದೇನೆ. ಅದೂ ಅಕ್ಷರ ದುಂಡಗಿದೆ ಅಂತ.