ಕಾರಿಗಿಂತ ಮೊದಲು ತಲುಪಿದ ಮೆಸೇಜು

ಸೋಷಿಯಲ್ ಮೀಡಿಯಾ ಜನರನ್ನು ಕೆಡಿಸುತ್ತಿದೆಯಾ, ಇಲ್ಲ ನಮ್ಮೊಳಗೆ ಮೊದಲೇ ಇದ್ದದ್ದನ್ನು ಜೋರು ಮಾಡುತ್ತಿದೆಯಾ? ಕರ್ನಾಟಕದಲ್ಲಿ ಹಬ್ಬಿದ ವದಂತಿಗಳನ್ನು ಸಾಲಾಗಿ ನೋಡಿದರೆ ಇದು ಸ್ವಲ್ಪ ಬಿಡಿಸಿಕೊಳ್ಳುತ್ತದೆ.

1990ರ ದಶಕದಲ್ಲಿ ಬೆಂಗಳೂರಲ್ಲೂ ಹಳ್ಳಿಗಳಲ್ಲೂ ಮನೆ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿರುತ್ತಿದ್ದರು. ರಾತ್ರಿ ಒಂದು ದೆವ್ವ ಬರುತ್ತದೆ, ಗೊತ್ತಿರುವವರ ದನಿಯಲ್ಲೇ ಕರೆಯುತ್ತದೆ, ಬಾಗಿಲು ತೆಗೆದರೆ ಸಾವು ಅನ್ನೋ ಸುದ್ದಿ. ಆಗ ಜನರ ಕೈಯಲ್ಲಿ ಮೊಬೈಲ್ ಇರಲಿಲ್ಲ. ಬಾಯಿಂದ ಬಾಯಿಗೇ ಹಬ್ಬಿತು. 1995ರ ಸೆಪ್ಟೆಂಬರ್ 21ರಂದು ಗಣಪತಿ ಹಾಲು ಕುಡಿಯುತ್ತಾನೆ ಎಂಬ ಸುದ್ದಿ ಬೆಳಗ್ಗೆ ದೆಹಲಿಯಲ್ಲಿ ಹುಟ್ಟಿ, ಫೋನು-ಟಿವಿ ಹಿಡಿದು ಒಂದೇ ದಿನದಲ್ಲಿ ಲಂಡನ್ನಿನ ದೇವಸ್ಥಾನಗಳನ್ನೂ ಮುಟ್ಟಿತು. ನಂಬುವ ಆತುರ, ಹೆದರಿಕೆ, ಬೇರೆಯವರಿಗೆ ಹೇಳುವ ತವಕ, ಎಲ್ಲವೂ ನಮ್ಮಲ್ಲೇ ಇತ್ತು.

2012ರ ಆಗಸ್ಟ್‌ನಲ್ಲಿ ವದಂತಿ ಕ್ರೂರವಾಯಿತು. ಅಸ್ಸಾಂ ಗಲಭೆಯ ಬೆನ್ನಿಗೇ, ಬೆಂಗಳೂರಿನಲ್ಲಿರುವ ಈಶಾನ್ಯ ರಾಜ್ಯಗಳವರ ಮೇಲೆ ದಾಳಿಯಾಗುತ್ತದೆ ಎಂಬ ಎಸ್‌ಎಂಎಸ್‌ಗಳು ಹರಿದಾಡಿದವು. ಸಾವಿರಾರು ಜನ ಕೆಲಸ ಬಿಟ್ಟು ರೈಲ್ವೆ ನಿಲ್ದಾಣಕ್ಕೆ ಓಡಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಕೇಂದ್ರ ಸರ್ಕಾರ 15 ದಿನ ಬಲ್ಕ್ ಎಸ್‌ಎಂಎಸ್, ಅಂದರೆ ಒಮ್ಮೆಗೇ ಹಲವರಿಗೆ ಕಳಿಸುವುದನ್ನು, ನಿಲ್ಲಿಸಿತು. ಶುರುವಿನಲ್ಲಿ ಐದಕ್ಕಿಂತ ಹೆಚ್ಚು ಕಳಿಸುವಂತಿರಲಿಲ್ಲ.

ಆರು ವರ್ಷ ಬಿಟ್ಟು ಮಕ್ಕಳ ಕಳ್ಳರ ವದಂತಿ ಬಂತು. ವಾಟ್ಸಾಪ್‌ನಲ್ಲಿ ಓಡಾಡಿದ ಆ ವಿಡಿಯೋ ನೆನಪಿದೆಯಾ? ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅಸಲಿಗೆ ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರ. ಕೊನೆಯಲ್ಲಿ ಅವರೇ ಮಗುವನ್ನು ವಾಪಸ್ ತಂದು ಬಿಡುತ್ತಾರೆ. ಯಾರೋ ಆ ಕೊನೆಯನ್ನೇ ಕತ್ತರಿಸಿ ಹಾಕಿದ್ದರು.

2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಮಕ್ಕಳ ಕಳ್ಳ ಎಂದು ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದದ್ದು ನನ್ನನ್ನು ಹೆಚ್ಚು ಕಾಡುತ್ತದೆ. ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಬೇರೊಂದು ಊರಿನ ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಊರಿನವರಿಗೆ ಅನುಮಾನ ಬಂತು. ಜಗಳವಾಗಿ, ಗೆಳೆಯರು ಕಾರು ಹತ್ತಿ ತಪ್ಪಿಸಿಕೊಂಡರು. ಹಳೆಯ ಕಾಲವಾಗಿದ್ದರೆ ಅವರು ಬದುಕುತ್ತಿದ್ದರೇನೋ. ಆದರೆ ಅವರ ವಿಡಿಯೋ ವಾಟ್ಸಾಪ್‌ನಲ್ಲಿ ಕಾರಿಗಿಂತ ಮೊದಲೇ ಮುಂದಿನ ಊರು ಮುಟ್ಟಿತ್ತು. ಮುರ್ಕಿಯಲ್ಲಿ ಜನ ರಸ್ತೆಗೆ ಅಡ್ಡ ಹಾಕಿ ಕಾದಿದ್ದರು. ಕಾಪಾಡಲು ಹೋದ ಪೊಲೀಸರಿಗೂ ಏಟು ಬಿತ್ತು. ಆ ಗೆಳೆಯರಲ್ಲಿ 32 ವರ್ಷದ ಒಬ್ಬ ಸತ್ತುಹೋದ.

ಹೊಡೆದವರು ಮನುಷ್ಯರೇ, ಆ ಹೊಣೆಯನ್ನು ಫೋನಿನ ಮೇಲೆ ಹಾಕಿ ಕೈ ತೊಳೆದುಕೊಳ್ಳೋಕೆ ಆಗಲ್ಲ. ಆದರೆ ಸುದ್ದಿ ಹಬ್ಬುವುದಕ್ಕೂ ಜನ ಕೈ ಎತ್ತುವುದಕ್ಕೂ ನಡುವೆ, ಸಂಶಯ ಪರಿಹಾರವಾಗಲು ಹಿಂದೆ ಸ್ವಲ್ಪ ಹೊತ್ತು ಸಿಗುತ್ತಿತ್ತು. ಮುರ್ಕಿಯಲ್ಲಿ ಆ ಹೊತ್ತೇ ಸಿಗಲಿಲ್ಲ. 'ಇದ್ದದ್ದನ್ನು ಜೋರು ಮಾಡುತ್ತದೆ ಅಷ್ಟೇ' ಎನ್ನುವವರ ಆ 'ಅಷ್ಟೇ' ಎಂಬ ಮಾತನ್ನು ನಾನು ಒಪ್ಪಲ್ಲ.

ಅದೇ ಜುಲೈನಲ್ಲಿ ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್ ಮಿತಿಯನ್ನು ಐದು ಚಾಟ್‌ಗೆ ಇಳಿಸುವುದಾಗಿ ಹೇಳಿತು. ಎಸ್‌ಎಂಎಸ್ ಕಾಲದ ಅದೇ ಐದು. 2020ರ ಏಪ್ರಿಲ್‌ನಲ್ಲಿ, ತುಂಬಾ ಸಲ ಫಾರ್ವರ್ಡ್ ಆದ ಮೆಸೇಜನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸುವಂತೆ ಮಾಡಿತು. ಅಂಥ ಮೆಸೇಜುಗಳು ಶೇ 70ರಷ್ಟು ಕಡಿಮೆಯಾದವು ಎಂದು ಆ ಕಂಪನಿಯೇ ಹೇಳಿದೆ. ಜನ ಅವರೇ, ಫೋನೂ ಅದೇ. ಬದಲಾದದ್ದು ಒಂದು ಸೆಟ್ಟಿಂಗ್ ಮಾತ್ರ.

ವಾಟ್ಸಾಪ್‌ನಲ್ಲಿ ಕಳಿಸುವುದು ಕೊನೆಗೂ ನಾವೇ. ಆದರೆ ಫೇಸ್‌ಬುಕ್‌ನಲ್ಲಿ ಯಾವುದು ಮೇಲೆ ಕಾಣಬೇಕೆಂದು ಕಂಪನಿಯೇ ಆರಿಸುತ್ತದೆ. 2017ರಿಂದ ಅಲ್ಲಿ ಸಿಟ್ಟಿನ ಎಮೋಜಿಗೆ ಒಂದು ಲೈಕ್‌ನ ಐದು ಪಟ್ಟು ತೂಕ ಕೊಟ್ಟಿದ್ದರು ಎಂಬುದು 2021ರಲ್ಲಿ ಹೊರಬಂದ ಒಳಗಿನ ದಾಖಲೆಗಳಿಂದ ಗೊತ್ತಾಯಿತು. 2020ರಲ್ಲಿ ಆ ತೂಕವನ್ನು ಸೊನ್ನೆಗೆ ಇಳಿಸಿದರು. ಆ ದಾಖಲೆಗಳು ಹೊರಬರುವವರೆಗೆ ಐದು ಪಟ್ಟಿನ ಈ ಲೆಕ್ಕ ಬಳಸುವವರಿಗೆ ಗೊತ್ತಿರಲಿಲ್ಲ.