ಹಸಿದ ಹಾವು, ಬೆಚ್ಚಗಿನ ಕೈ

ಸಾಕಿದ ಹಾವು ಕಚ್ಚಿತೆಂದು ನಮ್ಮ ಚಿಕಿತ್ಸಾಲಯಕ್ಕೆ ಫೋನ್ ಮಾಡುವವರಲ್ಲಿ ಹಲವರಿಗೆ ಗಾಯಕ್ಕಿಂತ ಮನಸ್ಸಿನ ನೋವೇ ಹೆಚ್ಚಾಗಿರುತ್ತದೆ. ‘ಇಷ್ಟು ದಿನ ಕೈಯಲ್ಲಿ ಆಡಿಕೊಂಡಿದ್ದ ಹಾವಿಗೆ ಇದ್ದಕ್ಕಿದ್ದಂತೆ ನಮ್ಮ ಮೇಲೆ ಯಾಕೆ ಸಿಟ್ಟು ಬಂತು?’ ಎಂದು ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ಕಚ್ಚಿ ಬಿಟ್ಟಿತೋ, ಕಚ್ಚಿ ಹಿಡಿದುಕೊಂಡಿತೋ?

ಹೆದರಿದ ಹಾವು ಕುತ್ತಿಗೆಯನ್ನು ಹಿಂದಕ್ಕೆ ಮಡಚಿ, ಬುಸುಗುಟ್ಟಿ, ಒಮ್ಮೆ ಹೊಡೆದು ತಕ್ಷಣ ಬಿಟ್ಟುಬಿಡುತ್ತದೆ. ಅದಕ್ಕೆ ಬೇಕಾಗಿರುವುದು ನಾವು ದೂರ ಹೋಗುವುದು, ಅಷ್ಟೆ. ಊಟಕ್ಕೆಂದು ಕಚ್ಚಿದ ಹಾವು ಹಾಗಲ್ಲ. ಬಾಯಿ ಬಿಡುವುದಿಲ್ಲ, ಮರುಕ್ಷಣವೇ ಮೈಯನ್ನು ಎಳೆದುಕೊಂಡು ಬಂದು ಮಣಿಕಟ್ಟಿಗೆ ಸುತ್ತಿಕೊಳ್ಳುತ್ತದೆ. ನಾನು ನೋಡಿರುವ ಮಟ್ಟಿಗೆ, ಮನೆಯಲ್ಲಿ ಚೆನ್ನಾಗಿ ಪಳಗಿದ ಹಾವುಗಳ ಕಡಿತದಲ್ಲಿ ಹೆಚ್ಚಿನವು ಈ ಎರಡನೆಯ ಬಗೆಯವು. ಅದರಲ್ಲಿ ಸಿಟ್ಟೂ ಇಲ್ಲ, ಹಗೆಯೂ ಇಲ್ಲ. ಹಾವು ಹಗೆ ಸಾಧಿಸುತ್ತದೆ ಎಂಬ ನಂಬಿಕೆಯಲ್ಲಿ ಬೆಳೆದ ನಮಗೆ ಇದನ್ನು ಒಪ್ಪಿಕೊಳ್ಳುವುದು ಸ್ವಲ್ಪ ಕಷ್ಟ. ಆದರೆ ವಿಷಯ ಸರಳ: ಹಾವಿಗೆ ಊಟದ ಸುಳಿವನ್ನೂ ಕೈಯ ಸುಳಿವನ್ನೂ ನಾವೇ ಕಲಸಿ ಕೊಟ್ಟಿರುತ್ತೇವೆ.

ನಾನು ಪಶುವೈದ್ಯೆಯಾಗಿ ಕೆಲಸ ಮಾಡುವುದು ಅಮೆರಿಕದ ಟೆಕ್ಸಾಸ್‌ನಲ್ಲಿ. ಇಲ್ಲಿ ಮನೆಗಳಲ್ಲಿ ಹಾವು ಸಾಕುವುದು ಅಪರೂಪವಲ್ಲ. ನನ್ನ ಬಳಿ ಹೆಚ್ಚಾಗಿ ಬರುವುದು ಎರಡು ಜಾತಿ. ಒಂದು, ಈ ದೇಶದ ಆಗ್ನೇಯ ಭಾಗದ್ದೇ ಆದ ಕಾರ್ನ್ ಸ್ನೇಕ್. ಇನ್ನೊಂದು, ಪಶ್ಚಿಮ ಮತ್ತು ಮಧ್ಯ ಆಫ್ರಿಕಾ ಮೂಲದ ಬಾಲ್ ಪೈಥಾನ್ ಎಂಬ ಚಿಕ್ಕ ಹೆಬ್ಬಾವು. ಎರಡಕ್ಕೂ ವಿಷವಿಲ್ಲ, ಎರಡೂ ಬೇಟೆಯನ್ನು ಸುತ್ತಿ ಬಿಗಿದು ಕೊಲ್ಲುತ್ತವೆ, ಎರಡೂ ಸಾಮಾನ್ಯವಾಗಿ ಮೂರರಿಂದ ಐದು ಅಡಿ ಬೆಳೆಯುತ್ತವೆ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳ ಆಸೆಗೆ ಮಣಿದು ಹಾವು ತಂದುಕೊಂಡ ಕನ್ನಡದ ಮನೆಗಳೂ ಇವೆ. ಊರಿನಲ್ಲಿ ಇದನ್ನು ಓದುವವರಿಗೆ ಒಂದು ಮಾತು: ಕೇರೆ, ಹೆಬ್ಬಾವು, ನಾಗರ ಮೊದಲಾದ ನಮ್ಮ ನಾಡಿನ ಹಾವುಗಳನ್ನು ಹಿಡಿದು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಈ ಬರಹ ಅವುಗಳಿಗಲ್ಲ.

ಹಾವು ನಮ್ಮ ಮುಖ ನೋಡಿ ಗುರುತು ಹಿಡಿಯುತ್ತದೆ ಎಂದು ಎಣಿಸಬೇಡಿ. ಅದರ ಜಗತ್ತನ್ನು ಹೆಚ್ಚಾಗಿ ಆಳುವುದು ವಾಸನೆ. ಸೀಳು ನಾಲಿಗೆ ಹೊರಗೆ ಬಂದಾಗಲೆಲ್ಲ ಗಾಳಿಯಲ್ಲಿರುವ ವಾಸನೆಯ ಕಣಗಳನ್ನು ಹೊತ್ತು ಒಳಗೆ ಹೋಗುತ್ತದೆ, ಅಂಗುಳದ ಮೇಲಿರುವ ಜೇಕಬ್‌ಸನ್ ಅಂಗ ಅದನ್ನು ಓದುತ್ತದೆ. ಬಾಲ್ ಪೈಥಾನ್‌ಗೆ ಇದರ ಜೊತೆಗೆ ಇನ್ನೊಂದು ಶಕ್ತಿ ಇದೆ. ಅದರ ಮೇಲ್ದುಟಿಯನ್ನು ಹತ್ತಿರದಿಂದ ನೋಡಿದರೆ ಸಾಲಾಗಿ ಸಣ್ಣ ಕುಳಿಗಳು ಕಾಣುತ್ತವೆ. ಅವು ಶಾಖವನ್ನು ಗ್ರಹಿಸುತ್ತವೆ. ಕತ್ತಲಲ್ಲೂ ಬಿಸಿ ಮೈಯ ಪ್ರಾಣಿ ಎಲ್ಲಿದೆ ಎಂಬುದು ಅದಕ್ಕೆ ತಿಳಿಯುತ್ತದೆ. ಕಾರ್ನ್ ಸ್ನೇಕ್‌ಗೆ ಈ ಕುಳಿಗಳಿಲ್ಲ, ಅದು ವಾಸನೆಯನ್ನೂ ಚಲನೆಯನ್ನೂ ನಂಬುತ್ತದೆ.

ಈಗ ನಾವು ಮಾಡುವುದನ್ನು ಹಾವಿನ ಕಡೆಯಿಂದ ನೋಡಿ. ಹಾವಿನ ಊಟಕ್ಕೆಂದು ಫ್ರೀಜರ್‌ನಲ್ಲಿಟ್ಟಿದ್ದ ಸತ್ತ ಇಲಿಯನ್ನು ಬಿಸಿ ನೀರಿನಲ್ಲಿ ಬೆಚ್ಚಗಾಗಿಸಿ, ಬರಿಗೈಯಲ್ಲಿ ಹಿಡಿದು ಹೊರಗೆ ತೆಗೆಯುತ್ತೇವೆ. ಕೋಣೆಯ ತುಂಬ ಇಲಿಯ ವಾಸನೆ. ಹಾವು ಆಗಲೇ ಅವಿತ ಜಾಗದಿಂದ ತಲೆ ಹೊರಗೆ ಹಾಕಿ ಕಾಯುತ್ತಿರುತ್ತದೆ. ಹಾವಿನ ಪೆಟ್ಟಿಗೆಯ ಮುಚ್ಚಳ ತೆರೆದು, ನೀರಿನ ಬಟ್ಟಲು ಅಡ್ಡ ಇದೆಯಲ್ಲ ಎಂದು ಅದನ್ನು ಸರಿಸಲು ಮೊದಲು ಕೈ ಹಾಕುತ್ತೇವೆ. ಇಲಿಯ ವಾಸನೆ ಹೊತ್ತ, ಮೂವತ್ತು ಡಿಗ್ರಿಗೂ ಮಿಕ್ಕಿ ಬೆಚ್ಚಗಿರುವ, ಅಲುಗಾಡುವ ವಸ್ತುವೊಂದು ಮೊದಲು ಒಳಗೆ ಬಂದರೆ ಹಾವು ಇನ್ನೇನು ತಿಳಿದೀತು? ತಪ್ಪಿಸಿಕೊಳ್ಳೋಣವೆಂದರೆ ಅದಕ್ಕೂ ಸಮಯವಿರುವುದಿಲ್ಲ. ಕಾರ್ನ್ ಸ್ನೇಕ್‌ನ ಹತ್ತಿರದ ಸಂಬಂಧಿಯಾದ ಟೆಕ್ಸಾಸ್ ರ್‍ಯಾಟ್ ಸ್ನೇಕ್ ಹೊಡೆಯುವ ವೇಗವನ್ನು ಅಳೆದು 2016ರಲ್ಲಿ ಸಂಶೋಧಕರು ಪ್ರಕಟಿಸಿದ್ದಾರೆ. ಅದು ವಿಷದ ಮಂಡಲಗಳಿಗೇನೂ ಕಡಿಮೆಯಿಲ್ಲ, ನಾವು ಕಣ್ಣು ಮಿಟುಕಿಸಿ ತೆರೆಯುವುದರೊಳಗೆ ಎಲ್ಲ ಮುಗಿದಿರುತ್ತದೆ.

ಆದ್ದರಿಂದ ನಾನು ಮನೆಯವರಿಗೆ ಹೇಳುವುದು ಕೆಲಸದ ಅನುಕ್ರಮವನ್ನು. ನೀರು ಬದಲಿಸುವುದು, ಕಸ ತೆಗೆಯುವುದು, ಅಡ್ಡವಿರುವ ವಸ್ತುಗಳನ್ನು ಸರಿಸುವುದು ಎಲ್ಲವೂ ಇಲಿ ಫ್ರಿಜ್‌ನಿಂದ ಹೊರಗೆ ಬರುವ ಮೊದಲೇ ಮುಗಿದಿರಬೇಕು. ಇಲಿ ಕರಗಿದ ಮೇಲೆ ಪೆಟ್ಟಿಗೆಯೊಳಗೆ ಹೋಗುವುದು ಇಕ್ಕಳ ಮಾತ್ರ, ಕೈ ಅಲ್ಲ. ಇಕ್ಕಳ ಒಂದು ಅಡಿಗಿಂತ ಉದ್ದವಿರಲಿ, ತುದಿಗೆ ರಬ್ಬರ್ ಇದ್ದರೆ ಇನ್ನೂ ಒಳ್ಳೆಯದು. ಬರಿಯ ಉಕ್ಕಿಗೆ ಹೊಡೆದು ಹಲ್ಲು ಮುರಿದುಕೊಂಡ, ಬಾಯಿ ಹುಣ್ಣು ಮಾಡಿಕೊಂಡ ಹಾವುಗಳಿಗೆ ಚಿಕಿತ್ಸೆ ಕೊಟ್ಟಿದ್ದೇನೆ.

ಫ್ರೀಜರ್‌ನಲ್ಲಿಟ್ಟ ಇಲಿಯನ್ನು ರಾತ್ರಿಯಿಡೀ ಫ್ರಿಜ್‌ನ ಕೆಳಗಿನ ಅರೆಯಲ್ಲಿ ಕರಗಲು ಬಿಡಬೇಕು. ಕೊಡುವ ಹೊತ್ತಿಗೆ ಜಿಪ್ ಚೀಲದಲ್ಲಿಟ್ಟು, ಕೈ ತಾಳುವಷ್ಟು ಬಿಸಿಯ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಬೇಕು. ಹೊಟ್ಟೆಯನ್ನು ಒತ್ತಿ ನೋಡಿ: ಒಳಗೆ ಗಟ್ಟಿಯಾಗಿ ತಣ್ಣಗೆ ಏನಾದರೂ ತಾಗಿದರೆ ಇನ್ನೂ ಕರಗಿಲ್ಲ. ಮೈಕ್ರೋವೇವ್ ಬೇಡವೇ ಬೇಡ. ಒಂದು ಕಡೆ ಬೆಂದು ಇನ್ನೊಂದು ಕಡೆ ಮಂಜಾಗಿ ಉಳಿಯುತ್ತದೆ, ಹೊಟ್ಟೆ ಒಡೆಯುವುದೂ ಉಂಟು. ಬಾಲ್ ಪೈಥಾನ್‌ಗಾದರೆ ಕೊನೆಯಲ್ಲಿ ಇಲಿಯ ತಲೆಯನ್ನು ಮಾತ್ರ ಹೇರ್ ಡ್ರೈಯರ್‌ನಿಂದ ಇನ್ನಷ್ಟು ಬೆಚ್ಚಗೆ ಮಾಡಿ. ಆಮೇಲೆ ಇಲಿಯ ಸೊಂಟವನ್ನು ಇಕ್ಕಳದಲ್ಲಿ ಹಿಡಿದು, ತಲೆ ಹಾವಿನ ಕಡೆಗಿರುವಂತೆ ಮುಂದೆ ಮಾಡಿ. ಹಾವು ಗುರಿ ಇಡುವುದು ಎದುರಿಗಿರುವ ಅತಿ ಬಿಸಿಯ ಭಾಗಕ್ಕೆ. ಅದು ಇಲಿಯ ತಲೆಯಾಗಿ, ನಿಮ್ಮ ಕೈ ಇಕ್ಕಳದ ಇನ್ನೊಂದು ತುದಿಯಲ್ಲಿದ್ದರೆ ತಪ್ಪು ಗುರಿಗೆ ಅವಕಾಶವೇ ಕಡಿಮೆ. ಹೊಡೆದು ಸುತ್ತಿಕೊಂಡ ತಕ್ಷಣ ಇಕ್ಕಳ ಬಿಡಿಸಿ, ಮುಚ್ಚಳ ಹಾಕಿ, ದೀಪ ಮಂಕಾಗಿಸಿ ಹೊರಟುಬಿಡಿ. ನುಂಗುವುದನ್ನು ಮೊಬೈಲ್‌ನಲ್ಲಿ ಹಿಡಿಯಬೇಕೆಂದು ಹತ್ತಿರ ಬಗ್ಗಿ ನಿಲ್ಲುವವರು ಮುಖಕ್ಕೆ ಕಚ್ಚಿಸಿಕೊಳ್ಳುತ್ತಾರೆ. ಅದು ನನಗೆ ನಿಜಕ್ಕೂ ಭಯ ಹುಟ್ಟಿಸುವ ಗಾಯ, ಕಣ್ಣು ಅಲ್ಲೇ ಇದೆ.

ಸಸ್ಯಾಹಾರಿ ಮನೆಗಳಲ್ಲಿ ಈ ಫ್ರೀಜರ್ ವಿಷಯವೇ ದೊಡ್ಡದು. ಮಗನಿಗಾಗಿ ಕಾರ್ನ್ ಸ್ನೇಕ್ ತಂದಿದ್ದ ತಾಯಿಯೊಬ್ಬರು, ‘ಡಾಕ್ಟರೇ, ಹಾಲೋ ಮೊಟ್ಟೆಯೋ ಕೊಟ್ಟು ಸಾಕಲು ಆಗುವುದಿಲ್ಲವೇ?’ ಎಂದು ಬಹಳ ಸಂಕೋಚದಿಂದ ಕೇಳಿದರು. ಆಗುವುದಿಲ್ಲ. ಹಾಲು ಹಾವಿನ ಆಹಾರವಲ್ಲ, ಅದನ್ನು ಜೀರ್ಣಿಸಿಕೊಳ್ಳುವ ಶಕ್ತಿ ಹಾವಿಗಿಲ್ಲ. ಈ ಜಾತಿಗಳಿಗೆ ಇಡೀ ಇಲಿಯೇ ಬೇಕು, ಮೂಳೆ ಕರುಳು ಸಮೇತ. ಇದನ್ನು ಹಾವು ಕೊಳ್ಳುವ ಮೊದಲೇ ಮನೆಯಲ್ಲಿ ಕುಳಿತು ಮಾತಾಡಿಕೊಳ್ಳಬೇಕು. ಆ ಮನೆಯವರು ಗ್ಯಾರೇಜ್‌ನಲ್ಲಿ ಒಂದು ಪುಟ್ಟ ಫ್ರೀಜರ್ ಇಟ್ಟು, ಬೇರೆ ಬಕೆಟ್, ಬೇರೆ ಇಕ್ಕಳ ಮಾಡಿಕೊಂಡರು. ಮಡಿಗಾಗಿ ಮಾಡಿದ ಆ ಏರ್ಪಾಡು ವೈದ್ಯಕೀಯವಾಗಿಯೂ ಸರಿ, ಮಾಂಸಾಹಾರಿ ಮನೆಗಳಿಗೂ ಅದನ್ನೇ ಹೇಳುತ್ತೇನೆ. ಮಂಜುಗಟ್ಟಿಸಿದರೆ ಸಾಲ್ಮೊನೆಲ್ಲಾ ಎಂಬ, ಹೊಟ್ಟೆಯ ಸೋಂಕು ತರುವ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಮಂಜುಗಟ್ಟಿಸಿದ ಇಲಿಗಳಿಂದ ಜನರಿಗೆ ಈ ಸೋಂಕು ಹರಡಿದ ಪ್ರಕರಣಗಳನ್ನು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ದಾಖಲಿಸಿದೆ. ಅಡುಗೆಮನೆಯ ಸಿಂಕ್‌ನಲ್ಲಿ ಇಲಿ ಕರಗಿಸಬಾರದು. ಐದು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಹಾವು ಬೇಡ ಎಂದೇ ಆ ಸಂಸ್ಥೆ ಹೇಳುತ್ತದೆ, ನಾನೂ ಅದನ್ನೇ ಹೇಳುತ್ತೇನೆ.

ಊಟದ ದಿನ ಅಲ್ಲದಿದ್ದರೂ ಕೈ ತೊಳೆಯದೆ ಹಾವನ್ನು ಎತ್ತಬೇಡಿ. ಹ್ಯಾಮ್‌ಸ್ಟರ್, ಗಿನಿ ಪಿಗ್, ಮೊಲ ಆಡಿಸಿದ ಕೈ ಹಾವಿನ ಮಟ್ಟಿಗೆ ಆ ಪ್ರಾಣಿಯೇ.

ಪೆಟ್ಟಿಗೆ ತೆರೆದಾಗಲೆಲ್ಲ ಊಟವೇ ಬಂದರೆ, ಮುಚ್ಚಳದ ಸದ್ದೇ ಊಟದ ಕರೆ ಎಂದು ಹಾವು ಕಲಿಯುತ್ತದೆ. ಇದಕ್ಕೆ ಹೆದರಿ ಅನೇಕರು ಊಟಕ್ಕೆಂದೇ ಬೇರೆ ಡಬ್ಬಿ ಇಟ್ಟು, ಹಾವನ್ನು ಎತ್ತಿ ಅದರಲ್ಲಿ ಹಾಕಿ ತಿನ್ನಿಸುತ್ತಾರೆ. ಹಳೆಯ ಪುಸ್ತಕಗಳಲ್ಲೂ ಈ ಸಲಹೆ ಇದೆ. ನಾನು ಇದನ್ನು ಒಪ್ಪುವುದಿಲ್ಲ. ತಿಂದು ಮುಗಿಸಿದ ಹಾವು ಇನ್ನೂ ಅರ್ಧ ಗಂಟೆಯಾದರೂ ಬೇಟೆಯ ಹುಮ್ಮಸ್ಸಿನಲ್ಲೇ ಇರುತ್ತದೆ. ಅದೇ ಹೊತ್ತಿಗೆ ಅದನ್ನು ಕೈಯಲ್ಲಿ ಎತ್ತಿ ವಾಪಸ್ ಇಡಬೇಕಾಗುತ್ತದೆ, ಕಚ್ಚಿಸಿಕೊಳ್ಳಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಹೊಟ್ಟೆಯಲ್ಲಿ ಇಡೀ ಇಲಿ ಇರುವ ಹಾವನ್ನು ಅಲ್ಲಾಡಿಸಿದರೆ ಕಕ್ಕಿಬಿಡುವುದೂ ಇದೆ. ಅದರ ಮನೆಯಲ್ಲೇ ಕೊಡಿ. ಮುಚ್ಚಳದ ಗೊಂದಲಕ್ಕೆ ಪರಿಹಾರ ಬೇರೆ ಇದೆ: ಎತ್ತಿ ಆಡಿಸುವ ದಿನ, ಕೈ ಹಾಕುವ ಮೊದಲು ಹಾವಿನ ಕೊಕ್ಕೆಯಿಂದಲೋ ಸುರುಳಿ ಸುತ್ತಿದ ಕಾಗದದಿಂದಲೋ ಅದರ ಬೆನ್ನ ಮಧ್ಯಭಾಗವನ್ನು ಮೆಲ್ಲಗೆ ತಟ್ಟಿ. ಊಟದ ದಿನ ತಟ್ಟಬೇಡಿ. ಕೆಲವು ವಾರಗಳಲ್ಲಿ ಗುರುತು ಕೂಡುತ್ತದೆ. ಕುತ್ತಿಗೆ ಬಿಗಿ ಮಾಡಿ ಕಾದಿದ್ದ ಹಾವು ತಟ್ಟಿದೊಡನೆ ಮೈ ಸಡಿಲಿಸಿ, ನಾಲಿಗೆಯನ್ನು ನಿಧಾನವಾಗಿ ಆಡಿಸತೊಡಗುತ್ತದೆ. ಆಗ ಕೈಯನ್ನು ಪಕ್ಕದಿಂದ, ಮೈಯ ನಡುವಿಗೆ ತನ್ನಿ. ಮೇಲಿನಿಂದ ತಲೆಯತ್ತ ಬರುವ ಕೈ ಹದ್ದಿನ ಕಾಲಿನಂತೆಯೇ ಅದಕ್ಕೆ ತೋರುತ್ತದೆ.

ಊಟದ ನಂತರ ಎರಡು ದಿನ ಮುಟ್ಟಬೇಡಿ. ಪೊರೆ ಬಿಡುವ ಕಾಲದಲ್ಲಿ ಕಣ್ಣು ನೀಲಿ ಹಾಲಿನ ಬಣ್ಣಕ್ಕೆ ತಿರುಗಿ ಸರಿಯಾಗಿ ಕಾಣದು. ಆಗಲೂ ಬಿಟ್ಟುಬಿಡಿ.

ಎಷ್ಟು, ಯಾವಾಗ ಕೊಡಬೇಕು ಎಂಬುದಕ್ಕೂ ಕಡಿತಕ್ಕೂ ಸಂಬಂಧವಿದೆ. ಇಲಿಯ ದಪ್ಪ ಹಾವಿನ ಮೈಯ ಅತಿ ದಪ್ಪ ಭಾಗದಷ್ಟಿರಲಿ, ಸ್ವಲ್ಪ ಹೆಚ್ಚಾದರೂ ಪರವಾಗಿಲ್ಲ. ಕಾರ್ನ್ ಸ್ನೇಕ್ ಮರಿಗೆ ವಾರಕ್ಕೊಮ್ಮೆ ಕಣ್ಣು ಬಿಡದ ಇಲಿಮರಿ, ಬೆಳೆದದ್ದಕ್ಕೆ ಹತ್ತು ಹದಿನಾಲ್ಕು ದಿನಕ್ಕೊಮ್ಮೆ ಒಂದು ಇಲಿ ಸಾಕು. ಬೆಳೆದ ಬಾಲ್ ಪೈಥಾನ್‌ಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ. ಸದಾ ಹಸಿದ ಹಾವು ಕಂಡದ್ದಕ್ಕೆಲ್ಲ ಬಾಯಿ ಹಾಕುತ್ತದೆ, ನಿಜ. ಆದರೆ ಆ ಹೆದರಿಕೆಯಿಂದ ವಾರವಾರವೂ ದೊಡ್ಡ ಇಲಿ ತಿನ್ನಿಸಿ, ಯಕೃತ್ತಿನ ತುಂಬ ಕೊಬ್ಬು ತುಂಬಿಕೊಂಡ ಹಾವುಗಳನ್ನು ನಾನು ಹಸಿದ ಹಾವುಗಳಿಗಿಂತ ಹೆಚ್ಚು ನೋಡುತ್ತೇನೆ.

ಜೀವಂತ ಇಲಿ ಕೊಡಬೇಡಿ. ‘ಕಾಡಿನಲ್ಲಿ ಹಾಗೆಯೇ ಅಲ್ಲವೇ?’ ಎನ್ನುತ್ತಾರೆ. ಕಾಡಿನಲ್ಲಿ ಇಲಿಗೆ ಓಡಲು ದಾರಿ ಇದೆ, ಹಾವಿಗೆ ಬಿಟ್ಟು ಹೋಗಲು ಜಾಗ ಇದೆ. ಗಾಜಿನ ಪೆಟ್ಟಿಗೆಯಲ್ಲಿ ಎರಡಕ್ಕೂ ಇಲ್ಲ. ಹಸಿವಿಲ್ಲದ ಹಾವಿನ ಜೊತೆ ರಾತ್ರಿಯಿಡೀ ಇಲಿಯನ್ನು ಬಿಟ್ಟು ಮಲಗಿದ ಮನೆಯಿಂದ ಬೆಳಿಗ್ಗೆ ಬಂದ ಹಾವಿನ ಬೆನ್ನಿನಲ್ಲಿ ಮೂಳೆ ಕಾಣುತ್ತಿತ್ತು. ಇಲಿ ಕೊರೆದದ್ದು. ಇಲಿಗಾದರೂ ಅದು ಎಂಥ ರಾತ್ರಿ! ಎರಡು ಜೀವಗಳಿಗೂ ಆ ಹಿಂಸೆ ಬೇಕಿರಲಿಲ್ಲ.

ಇಷ್ಟಾದರೂ ಕಚ್ಚಿ ಹಿಡಿದುಕೊಂಡರೆ ಕೈಯನ್ನು ಎಳೆಯಬೇಡಿ. ಹಾವಿನ ಹಲ್ಲುಗಳು ಒಳಮುಖವಾಗಿ ಬಾಗಿವೆ. ಎಳೆದಷ್ಟೂ ಚರ್ಮ ಸೀಳುತ್ತದೆ, ಹಲ್ಲು ಮುರಿದು ಗಾಯದಲ್ಲೇ ಉಳಿಯುತ್ತದೆ. ಅಲುಗಾಡದೆ ನಿಂತರೆ, ಇದು ತಿನ್ನುವ ವಸ್ತುವಲ್ಲವೆಂದು ತಿಳಿದು ಎಷ್ಟೋ ಸಲ ತಾನೇ ಬಿಡುತ್ತದೆ. ಬಿಡದಿದ್ದರೆ ಕೈಯನ್ನು ತಣ್ಣೀರಿನ ನಲ್ಲಿಯ ಕೆಳಗೆ ಹಿಡಿಯಿರಿ, ಅಥವಾ ಬಾಯಿಯ ಅಂಚಿಗೆ ಒಂದೆರಡು ತೊಟ್ಟು ಹ್ಯಾಂಡ್ ಸ್ಯಾನಿಟೈಸರ್ ತಾಗಿಸಿ. ಸುರುಳಿ ಬಿಡಿಸುವುದಾದರೆ ಬಾಲದ ಕಡೆಯಿಂದ ಶುರುಮಾಡಿ. ತಲೆಯನ್ನು ಹಿಡಿದು ಸ್ವಲ್ಪ ಮುಂದಕ್ಕೆ ಒತ್ತಿದರೆ ಹಲ್ಲುಗಳು ಕಳಚಿಕೊಳ್ಳುತ್ತವೆ. ಆಮೇಲೆ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಧನುರ್ವಾಯು ಚುಚ್ಚುಮದ್ದು ಹಳೆಯದಾಗಿದ್ದರೆ ಹಾಕಿಸಿಕೊಳ್ಳಿ. ಕೆಂಪು ಹರಡಿದರೆ, ಕೀಲಿನ ಮೇಲೆ ಆಳಕ್ಕೆ ಚುಚ್ಚಿದ್ದರೆ ವೈದ್ಯರಿಗೆ ತೋರಿಸಿ. ವೆಸ್ಟರ್ನ್ ಹಾಗ್‌ನೋಸ್ ಎಂಬ ಇನ್ನೊಂದು ಜಾತಿಯ ಹಾವು ಸಾಕಿದವರಿಗೆ ಮಾತ್ರ ‘ಕಾದು ನೋಡಿ’ ಎಂದು ಹೇಳುವುದಿಲ್ಲ. ಅದರ ಹಿಂದಿನ ಹಲ್ಲುಗಳ ಬಳಿ ಸೌಮ್ಯ ವಿಷ ಒಸರುತ್ತದೆ, ಹೆಚ್ಚು ಹೊತ್ತು ಅಗಿಯಲು ಬಿಟ್ಟಷ್ಟೂ ಕೈ ಊದಿಕೊಳ್ಳುತ್ತದೆ. ಕೂಡಲೇ ಬಿಡಿಸಿ.

ದೊಡ್ಡ ಹೆಬ್ಬಾವುಗಳ ಮಾತು ಬೇರೆಯೇ. ಎಂಟು ಅಡಿ ದಾಟಿದ ಹಾವಿಗೆ ಒಬ್ಬರೇ ಊಟ ಕೊಡಬಾರದು, ಪಕ್ಕದಲ್ಲಿ ಇನ್ನೊಬ್ಬ ವಯಸ್ಕರಿರಲೇಬೇಕು. 2009ರಲ್ಲಿ ಫ್ಲಾರಿಡಾದ ಮನೆಯೊಂದರಲ್ಲಿ, ಭದ್ರವಾದ ಮುಚ್ಚಳವಿಲ್ಲದ ತೊಟ್ಟಿಯಿಂದ ರಾತ್ರಿ ಹೊರಬಂದ ಎಂಟು ಅಡಿಗೂ ಮಿಕ್ಕಿದ ಬರ್ಮೀಸ್ ಹೆಬ್ಬಾವು ಎರಡು ವರ್ಷದ ಮಗುವನ್ನು ಕೊಂದಿತು. ಅದಕ್ಕೆ ಸರಿಯಾಗಿ ಊಟ ಹಾಕಿರಲಿಲ್ಲ. ನನ್ನ ಅಭಿಪ್ರಾಯದಲ್ಲಿ ಅಂಥ ಜಾತಿಗಳಿಗೆ ಮನೆಯಲ್ಲಿ ಜಾಗವಿಲ್ಲ.

ಎರಡು ಹಾವುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಇಡುವುದೂ ಬೇಡ. ಒಂದೇ ಇಲಿಯನ್ನು ಎರಡೂ ತುದಿಯಿಂದ ಹಿಡಿದರೆ, ನುಂಗುತ್ತ ಬಂದ ಹಾವು ಇಲಿ ಮುಗಿದಲ್ಲಿಗೆ ನಿಲ್ಲಿಸುವುದಿಲ್ಲ.

ಇನ್ನು ತಿನ್ನದ ಹಾವು. ಬಾಲ್ ಪೈಥಾನ್ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಉಪವಾಸ ಇರುವುದು ಸಾಮಾನ್ಯ. ಮನೆಯವರು ಮಾತ್ರ ತಾಳಲಾರರು. ದಿನಕ್ಕೊಂದು ಸಲ ಇಲಿ ಮುಂದೆ ಹಿಡಿಯುತ್ತಾರೆ, ಬಾಯಿಗೆ ತಾಗಿಸುತ್ತಾರೆ, ಮುಖಕ್ಕೆ ಉಜ್ಜುತ್ತಾರೆ. ಹಾವು ಬೆದರಿ ಹೊಡೆಯುತ್ತದೆ, ಅದು ಹಸಿವಿನ ಕಡಿತವಲ್ಲ. ಮೊದಲು ಪೆಟ್ಟಿಗೆಯ ಬಿಸಿ ತುದಿಯಲ್ಲಿ 31ರಿಂದ 33 ಡಿಗ್ರಿ ಸೆಲ್ಸಿಯಸ್ ಇದೆಯೇ, ಅವಿತುಕೊಳ್ಳಲು ಇಕ್ಕಟ್ಟಾದ ಕತ್ತಲ ಜಾಗವಿದೆಯೇ ನೋಡಿ. ಇಲಿಯನ್ನು ಎರಡು ವಾರಕ್ಕೊಮ್ಮೆ ಮಾತ್ರ ತೋರಿಸಿ, ಬೇಡವೆಂದರೆ ತೆಗೆದುಬಿಡಿ, ಮತ್ತೆ ಮಂಜುಗಟ್ಟಿಸಬೇಡಿ. ಅಡುಗೆಮನೆಯ ತಕ್ಕಡಿ ಬೇಡ, ಹಾವಿಗೆಂದೇ ಒಂದು ತಕ್ಕಡಿ ಇಟ್ಟು ತೂಕ ಬರೆದಿಡಿ. ಬೆಳೆದ ಹಾವು ಹತ್ತರಲ್ಲಿ ಒಂದು ಪಾಲು ತೂಕ ಕಳೆದುಕೊಂಡರೆ, ಉಸಿರಾಡುವಾಗ ಬಾಯಿ ತೆರೆದರೆ, ಬಾಯಲ್ಲಿ ಲೋಳೆ ಕಂಡರೆ, ಆ ಬರೆದಿಟ್ಟ ಹಾಳೆಯ ಸಮೇತ ಪಶುವೈದ್ಯರ ಬಳಿಗೆ ತನ್ನಿ.